ಹಳೇ ಡಾಂಬರನ್ನು ಇದ್ದ ಜಾಗದಲ್ಲೇ ಕೆತ್ತಿ ಮತ್ತೆ ಹಾಕಿಸಿದರೆ ರಸ್ತೆ ಎತ್ತರ ಏರೋದು ನಿಲ್ಲುತ್ತಾ?

ಗೇಟ್‌ನಂಬರ್7

ಎಲ್ಲರಿಗೂ ನಮಸ್ಕಾರ. ರಸ್ತೆ ಕೆಲಸ ಗೊತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ.

ನಮ್ಮ ಬಡಾವಣೆಯ ಒಳರಸ್ತೆ ಒಟ್ಟು 1.2 ಕಿ.ಮೀ. ಇದೆ, ಅಗಲ 5.5 ಮೀಟರ್. ಮೊದಲು ಹಾಕಿದ ಡಾಂಬರಿನ ಮೇಲೆ ಇನ್ನೂ ಎರಡು ಸಲ ಡಾಂಬರು ಹಾಕಿದ್ದಾರೆ. ಪ್ರತಿ ಸಲ ರಸ್ತೆ ಮೇಲೆದ್ದಿತು, ಮನೆಗಳು ಇದ್ದಲ್ಲೇ ಉಳಿದವು. ಈಗ ನಮ್ಮ ಗೇಟಿನ ಹೊಸ್ತಿಲು ರಸ್ತೆಗಿಂತ 60 ಮಿ.ಮೀ. ಕೆಳಗಿದೆ. ಜೋರು ಮಳೆ ಬಂದರೆ ನೀರು ಮೋರಿ ಕಡೆ ತಿರುಗುವುದೇ ಇಲ್ಲ, ನೇರ ನಮ್ಮ ಅಂಗಳಕ್ಕೆ ಬರುತ್ತದೆ. ಹದಿನೇಳು ಮನೆಗಳಲ್ಲಿ ಇದೇ ಕಥೆ.

ಇಬ್ಬರು ಗುತ್ತಿಗೆದಾರರು ಬಂದು ನೋಡಿ ಹೋದರು. ಒಬ್ಬರು ಮತ್ತೆ 40 ಮಿ.ಮೀ. ಮೇಲೆ ಹಾಕೋಣ ಅಂದರು. ಅವರಿಗೆ ಕೈ ಮುಗಿದೆವು. ಇನ್ನೊಬ್ಬರು ಹೇಳಿದ್ದು ಹೀಗೆ: ಹಳೇದನ್ನೇ 75 ಮಿ.ಮೀ. ಕೆತ್ತಿ, ಅದಕ್ಕೆ ಸ್ವಲ್ಪ ಹೊಸ ಡಾಂಬರು ಬೆರೆಸಿ, ಅಲ್ಲೇ ಹರಡಿ ರೋಲರ್ ಹೊಡೆಯುತ್ತೇವೆ, ಮೇಲೆ ತೆಳುವಾಗಿ 40 ಮಿ.ಮೀ. ಹೊಸ ಪದರ. ಹೊಸ ಜಲ್ಲಿ ಹೆಚ್ಚು ಬೇಡ, ಲಾರಿ ಓಡಾಟ ಇಲ್ಲ, ಎತ್ತರವೂ ಏರಲ್ಲ. ಕೇಳೋಕೆ ಚೆನ್ನಾಗಿದೆ. ಮೀಟಿಂಗ್‌ನಲ್ಲಿ ಎಲ್ಲರೂ ತಲೆ ಆಡಿಸಿದರು. ನಾನು ಸುಮ್ನೆ ಇರದೆ "ಕೆತ್ತಿದ್ದನ್ನೆಲ್ಲ ಅಲ್ಲೇ ಹಾಕಿದರೆ ಎತ್ತರ ಹೇಗೆ ಕಡಿಮೆ ಆಗುತ್ತೆ?" ಅಂತ ಕೇಳಿಬಿಟ್ಟೆ. ಆವತ್ತಿಂದ ಈ ಕೆಲಸ ನನ್ನ ತಲೆಗೇ ಬಂತು.

ಒಂದು ಕಡೆ ಚೌಕವಾಗಿ ಅಗೆಸಿ ಅಳತೆ ತೆಗೆದೆ. ಡಾಂಬರು ಒಟ್ಟು 130 ಮಿ.ಮೀ. ಇದೆ: ಕೆಳಗಿನದು 50, ಮೇಲಿನವು ನಲವತ್ತು ನಲವತ್ತು. ಅದರ ಕೆಳಗೆ ಜಲ್ಲಿ. ಹೆಚ್ಚಿನ ಕಡೆ ಉದ್ದುದ್ದ ಬಿರುಕು ಬಿಟ್ಟು ಮೇಲಿನ ಜಲ್ಲಿ ಏಳುತ್ತಿದೆ. ಆದರೆ ತಿರುವಿನ ಹತ್ತಿರ ಸುಮಾರು 80 ಮೀಟರ್ ಮಾತ್ರ ಬೇರೆ ಥರ. ಅಲ್ಲಿ ಮೊಸಳೆ ಚರ್ಮದ ಹಾಗೆ ಸಣ್ಣ ಸಣ್ಣ ಚೌಕ ಬಿರುಕು, ಕಾಲಿಟ್ಟರೆ ಅಲುಗಾಡುವ ಹಾಗೆ ಅನಿಸುತ್ತದೆ. ದಾರಿಯಲ್ಲಿ 34 ಮ್ಯಾನ್‌ಹೋಲ್ ಇವೆ.

ಎರಡನೆಯವರು ಹೇಳಿದ್ದು ನಿಜವಾ?

ಸೈಕಲ್‌ಸವಾರ

ನಾನು ಎಂಜಿನಿಯರ್ ಅಲ್ಲ, ರಸ್ತೆ ವಿಡಿಯೊ ನೋಡುವ ಹುಚ್ಚು ಅಷ್ಟೇ. ಒಂದರ ಹಿಂದೆ ಒಂದು ಉದ್ದನೆಯ ಯಂತ್ರಗಳು ರಸ್ತೆಗೆ ಬೆಂಕಿ ಕಾಯಿಸುತ್ತಾ ಹೋಗುತ್ತವೆ. ಮುಂದೆ ಹಳೇ ಬೂದು ರಸ್ತೆ, ಹಿಂದೆ ಕಪ್ಪಗೆ ಹೊಳೆಯುವ ಹೊಸ ರಸ್ತೆ! ಕೆತ್ತೋದೂ ಬೇಡ, ಸಾಗಿಸೋದೂ ಬೇಡ. ಅದನ್ನೇ ಕರೆಸಿಬಿಡಿ ಸರ್.

ಹಳೇರೋಲರ್

ಗೇಟ್‌ನಂಬರ್7 ಅವರೇ, ಮೀಟಿಂಗ್‌ನಲ್ಲಿ ನೀವು ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ. ಹನ್ನೊಂದು ವರ್ಷ ರೀಸೈಕ್ಲಿಂಗ್ ಮಷೀನಿನ ಹಿಂದೆ ನಡೆದವನು ನಾನು. ಮಷೀನ್ ಓಡಿಸುವವನು ಮೇಲೆ ಕೂತಿರುತ್ತಾನೆ. ಸ್ಕೇಲ್ ಹಿಡಿದು ಎಷ್ಟು ಆಳ ಕೆತ್ತಿತು, ಹುಡಿ ಹೇಗೆ ಬಂತು, ಎಷ್ಟು ಒದ್ದೆ ಇದೆ ಅಂತ ಕೈಯಲ್ಲಿ ಹಿಸುಕಿ ನೋಡುವವನು ಕೆಳಗೆ. ನಾನು ಕೆಳಗಿನವನು.

ಮೊದಲು ಎತ್ತರದ ಲೆಕ್ಕ. ಚೆನ್ನಾಗಿ ಒತ್ತಿದ ಬಿಸಿ ಡಾಂಬರು ಪದರದಲ್ಲಿ ಗಾಳಿಯ ಜಾಗ ಶೇ. 5ರ ಆಸುಪಾಸು ಇರುತ್ತದೆ. ಅದನ್ನೇ ಕೆತ್ತಿ, ತಣ್ಣಗೆ ಬೆರೆಸಿ ಮತ್ತೆ ಒತ್ತಿದರೆ ಅಷ್ಟು ಬಿಗಿಯಾಗಿ ಕೂರುವುದಿಲ್ಲ. ಎಷ್ಟೇ ದೊಡ್ಡ ರೋಲರ್ ಹೊಡೆಯಿರಿ, ಗಾಳಿಯ ಜಾಗ ಶೇ. 9ರಿಂದ 14ರವರೆಗೆ ಉಳಿಯುತ್ತದೆ. ಅಂದರೆ 75 ಮಿ.ಮೀ. ಕೆತ್ತಿದ್ದು ಮತ್ತೆ ಕೂತಾಗ 80ರ ಹತ್ತಿರ ಬರುತ್ತದೆ. ಅದರ ಮೇಲೆ 40. ಒಟ್ಟು 45 ಮಿ.ಮೀ. ಏರಿಕೆ. ನೀವು ಕೈ ಮುಗಿದು ಕಳಿಸಿದ ಮೊದಲನೆಯವರ ಲೆಕ್ಕಕ್ಕಿಂತ 5 ಮಿ.ಮೀ. ಜಾಸ್ತಿ!

ಹಾಗಂತ ಎರಡನೆಯವರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಈ ಪದ್ಧತಿ ಒಳ್ಳೇದೇ. ಬಿರುಕು ಬಿಟ್ಟ ರಸ್ತೆ ಮೇಲೆ ಹೊಸ ಪದರ ಹಾಕಿದರೆ ಕೆಳಗಿನ ಬಿರುಕು ಒಂದೆರಡು ವರ್ಷದಲ್ಲಿ ಅದೇ ಗೆರೆಯಲ್ಲಿ ಮೇಲೆ ಬರುತ್ತದೆ. ಕೆತ್ತಿ ಬೆರೆಸಿದರೆ ಆ ಬಿರುಕು ಅಲ್ಲಿಗೇ ಮುಗಿಯಿತು. ಆದರೆ ಅದು ಬಿರುಕಿಗೆ ಮದ್ದು. ನಿಮ್ಮ ಕಾಯಿಲೆ ಎತ್ತರದ್ದು. ಎತ್ತರ ಇಳಿಯಬೇಕಾದರೆ ಏನಾದರೂ ಹೊರಗೆ ಹೋಗಲೇಬೇಕು, ಬೇರೆ ದಾರಿ ಇಲ್ಲ.

ಸೈಕಲ್‌ಸವಾರ ಹೇಳಿದ ಬೆಂಕಿ ಯಂತ್ರದ್ದು ಬೇರೆ ಜಾತಿ. ಅದು ಮೇಲ್ಮೈಯನ್ನು ಬಿಸಿ ಮಾಡಿ, ಮೆತ್ತಗಾದ ಮೇಲೆ ಕೆದಕಿ, ಹಳೇ ಡಾಂಬರನ್ನು ಮೆತ್ತಗೆ ಮಾಡುವ ಎಣ್ಣೆ ಸೇರಿಸಿ, ಬಿಸಿ ಇರುವಾಗಲೇ ಹಾಸಿ ಒತ್ತುತ್ತದೆ. ಬಿಸಿಯಾಗಿ ಒತ್ತುವುದರಿಂದ ಉಬ್ಬುವುದೂ ಕಡಿಮೆ. ಚೆನ್ನಾಗಿದೆ, ಆದರೆ ಕೆಲಸ ಮಾಡುವುದು ಮೇಲಿನ 25ರಿಂದ 50 ಮಿ.ಮೀ.ಯಲ್ಲಿ ಮಾತ್ರ. ಶಾಖ ಅದಕ್ಕಿಂತ ಕೆಳಗೆ ಇಳಿಯಬೇಕಾದರೆ ಮೇಲಿನದು ಸುಟ್ಟುಹೋಗುತ್ತದೆ. ನೀಲಿ ಹೊಗೆ ಏಳೋಕೆ ಶುರುವಾಯಿತು ಅಂದರೆ ಡಾಂಬರು ಬೇಯುತ್ತಿಲ್ಲ, ಸುಡುತ್ತಿದೆ ಅಂತ ಅರ್ಥ. ಒದ್ದೆ ರಸ್ತೆ ಮೇಲೆ ಅರ್ಧ ಶಾಖ ನೀರು ಆರಿಸೋಕೇ ಹೋಗುತ್ತದೆ. ಅಂಚಿನಲ್ಲಿ ಬೇಲಿ ಗಿಡ ಇದ್ದರೆ ಅದೂ ಒಣಗುತ್ತದೆ. 34 ಮ್ಯಾನ್‌ಹೋಲ್ ಇರುವ 1.2 ಕಿ.ಮೀ. ಒಳರಸ್ತೆಗೆ ಅಷ್ಟುದ್ದದ ಸಾಲು ಯಂತ್ರ ತಿರುಗಿಸೋಕೂ ಆಗಲ್ಲ. ಅದು ಹೆದ್ದಾರಿ ಕೆಲಸ.

ಇನ್ನು ನಿಮ್ಮ ತಿರುವು. ಮೊಸಳೆ ಚರ್ಮ ಅಂದಿರಲ್ಲ, ನನಗೆ ಅದೇ ಮುಖ್ಯ. ಉದ್ದ ಬಿರುಕು, ಜಲ್ಲಿ ಏಳುವುದು, ಇವು ಡಾಂಬರಿನ ವಯಸ್ಸಿನ ಕಾಯಿಲೆ. ಮೊಸಳೆ ಚರ್ಮ ಹಾಗಲ್ಲ. ಚಕ್ರದ ಭಾರಕ್ಕೆ ಕೆಳಗಿನ ಬೇಸ್ ಕುಗ್ಗಿ ಕುಗ್ಗಿ ಡಾಂಬರು ಬಗ್ಗಿ ದಣಿದು ಒಡೆದಿದೆ. ಕಾಲಿಗೆ ಅಲುಗಿದ ಹಾಗೆ ಅನಿಸುತ್ತದೆ ಅಂದರೆ ಕೆಳಗೆ ನೀರು ಇದೆ. ಅಲ್ಲಿ ಬರೀ 75 ಮಿ.ಮೀ. ಕೆತ್ತಿ ಹಾಕಿದರೆ ಕೆಸರಿನ ಮೇಲೆ ಚಾಪೆ ಹಾಸಿದ ಹಾಗೆ. ಅಷ್ಟೇ ಅಲ್ಲ, ಬೇಸ್ ಮೆತ್ತಗಿದ್ದರೆ ಮಷೀನಿನ ಚಕ್ರವೇ ಹೂತುಹೋಗುತ್ತದೆ. ಒಮ್ಮೆ ನಮ್ಮ ಮಷೀನ್ ಹಾಗೆ ಕೂತು, ಅದನ್ನು ಎಳೆಯೋಕೆ ಬಂದ ಲಾರಿಯೂ ಕೂತು, ಮಧ್ಯಾಹ್ನದ ಊಟ ಸಂಜೆ ಆಯಿತು.

ನಾನಾಗಿದ್ದರೆ ಹೀಗೆ ಮಾಡಿಸುತ್ತಿದ್ದೆ. ಮೊದಲು ಮಿಲ್ಲಿಂಗ್ ಮಷೀನಿನಲ್ಲಿ ಮೇಲಿನ 100 ಮಿ.ಮೀ. ಕೆತ್ತಿ ಹೊರಗೆ ಕಳಿಸುವುದು. ಅದು ಕಸ ಅಲ್ಲ. ಡಾಂಬರು ಮಿಕ್ಸ್ ಮಾಡುವ ಪ್ಲಾಂಟ್‌ಗಳು ಹೊಸ ಜಲ್ಲಿ ಜೊತೆ ಬೆರೆಸಿಕೊಳ್ಳುತ್ತವೆ. ಆಮೇಲೆ ಉಳಿದ 30 ಮಿ.ಮೀ. ಡಾಂಬರು, ಅದರ ಕೆಳಗಿನ 150 ಮಿ.ಮೀ. ಜಲ್ಲಿ ಬೇಸ್, ಎರಡನ್ನೂ ಒಟ್ಟಿಗೆ ಪುಡಿ ಮಾಡಿ, ಶೇ. 2ಕ್ಕಿಂತ ಸ್ವಲ್ಪ ಜಾಸ್ತಿ ಡಾಂಬರು, ಶೇ. 1 ಸಿಮೆಂಟ್ ಸೇರಿಸಿ ಅಲ್ಲೇ ಹೊಸ ಬೇಸ್ ಮಾಡುವುದು. ಇದನ್ನು ಪೂರ್ತಿ ಆಳದ ರೀಸೈಕ್ಲಿಂಗ್ ಅನ್ನುತ್ತಾರೆ. ಉಬ್ಬಿದ್ದನ್ನು ಗ್ರೇಡರ್ ಕೆತ್ತಿ ಮಟ್ಟ ಮಾಡುತ್ತದೆ. ಮೇಲೆ 40 ಮಿ.ಮೀ. ಹೊಸ ಪದರ. ಕಳೆದಿದ್ದು 100, ಕೂಡಿದ್ದು 40. ನಿಮ್ಮ 60 ಮಿ.ಮೀ. ಸಿಕ್ಕಿತು.

ಹೊರಗೆ ಹೋಗುವುದು ಎಷ್ಟು ಅಂತ ನೋಡಿ. 6,600 ಚದರ ಮೀಟರ್, 100 ಮಿ.ಮೀ. ಆಳ, 660 ಘನ ಮೀಟರ್, ಸುಮಾರು 1,500 ಟನ್. ಹತ್ತು ಟನ್ ಲಾರಿಯಲ್ಲಿ 150 ಲೋಡು. ಉಳಿದ 180 ಮಿ.ಮೀ. ಅಲ್ಲೇ ಇರುತ್ತದೆ, ಅದು ಸುಮಾರು 2,600 ಟನ್. ಎಲ್ಲ ಅಗೆದು ಹೊಸದಾಗಿ ಮಾಡಿದ್ದರೆ ಅದೂ 260 ಲೋಡು ಹೊರಗೆ, ಅಷ್ಟೇ ಹೊಸ ಜಲ್ಲಿ ಒಳಗೆ ಬರಬೇಕಿತ್ತು. ಲಾರಿ ಓಡಾಟ ಇಲ್ಲವೇ ಇಲ್ಲ ಅನ್ನುವ ಮಾತು ನಿಮ್ಮ ವಿಷಯದಲ್ಲಿ ನಿಜ ಆಗಲ್ಲ. ಕಡಿಮೆ ಆಗುತ್ತದೆ ಅನ್ನಿ, ಒಪ್ಪುತ್ತೇನೆ.

ಒಂದು ಮಾತು ಕೇಳಬೇಕು. ಹೊಸ್ತಿಲು 60 ಮಿ.ಮೀ. ಕೆಳಗಿದೆ ಅಂದಿರಲ್ಲ, ಅಳತೆ ತೆಗೆದದ್ದು ರಸ್ತೆ ಅಂಚಿನಿಂದಲಾ ಮಧ್ಯದಿಂದಲಾ? ನೀರು ಹರಿಯಲಿ ಅಂತ ರಸ್ತೆಗೆ ಎರಡೂ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಶೇ. 2.5 ಇಳಿಜಾರು ಅಂದರೆ ನಿಮ್ಮ 5.5 ಮೀಟರ್ ರಸ್ತೆಯಲ್ಲಿ ಮಧ್ಯಕ್ಕೂ ಅಂಚಿಗೂ ಸುಮಾರು 69 ಮಿ.ಮೀ. ವ್ಯತ್ಯಾಸ. ಮಧ್ಯದಿಂದ ಅಳೆದಿದ್ದರೆ ನನ್ನ ಲೆಕ್ಕ ಎಲ್ಲ ಗಾಳಿಗೆ.

ಕೊನೆಗೆ ಒಂದು ಬುದ್ಧಿಮಾತು, ನನ್ನ ತಪ್ಪಿಂದ ಬಂದದ್ದು. ಎಮಲ್ಷನ್, ಅಂದರೆ ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಡಾಂಬರು, ಹಾಕಿ ಮಾಡಿದ ಕೆಲಸದಲ್ಲಿ ಹುಡಿ ಮೊದಲು ಕಂದು ಬಣ್ಣಕ್ಕೆ ಇರುತ್ತದೆ. ಎಮಲ್ಷನ್ ಒಡೆದು ನೀರು ಬೇರೆಯಾಗಿ ಡಾಂಬರು ಜಲ್ಲಿಗೆ ಅಂಟಿದಾಗ ಕಪ್ಪಾಗುತ್ತದೆ. ಕಪ್ಪಾದ ಮೇಲೂ ಒಳಗೆ ನೀರು ಇರುತ್ತದೆ, ಅದು ಆರಬೇಕು. ಒಂದು ಸಂಜೆ ಬಸ್ಸು ತಿರುಗುವ ಜಾಗವೊಂದನ್ನು ಮುಗಿಸಿ, ಎಲ್ಲರೂ ಒತ್ತಾಯ ಮಾಡಿದರು ಅಂತ ಕತ್ತಲಾಗುವ ಮೊದಲೇ ಗಾಡಿ ಬಿಟ್ಟೆವು. ರಾತ್ರಿ ಇಬ್ಬನಿ ಬಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಬಸ್ಸಿನ ಚಕ್ರ ತಿರುಗಿದ ಅಷ್ಟೂ ಜಾಗದಲ್ಲಿ ಜಲ್ಲಿ ಎದ್ದು ಚೆಲ್ಲಾಪಿಲ್ಲಿ. ನೇರ ಹೋದ ಕಡೆ ಏನೂ ಆಗಿರಲಿಲ್ಲ. ಹಸಿ ಪದರಕ್ಕೆ ಚಕ್ರ ಉರುಳಿದರೆ ಅಷ್ಟು ತೊಂದರೆ ಇಲ್ಲ, ತಿರುಚಿದರೆ ಕಿತ್ತು ಬರುತ್ತದೆ. ನಿಮ್ಮಲ್ಲಿ ಮನೆ ಮನೆಗೂ ಕಾರು ನಿಂತಲ್ಲೇ ಸ್ಟೀರಿಂಗ್ ತಿರುಗಿಸುತ್ತಾರೆ ಅಲ್ವಾ? ಯೋಚನೆ ಮಾಡಿ.

ಹಳೇ ಡಾಂಬರು ಹೇಗೂ ಸತ್ತಿರುತ್ತದೆ, ಅದನ್ನು ಕಪ್ಪು ಜಲ್ಲಿ ಅಂತಲೇ ಲೆಕ್ಕ ಹಿಡಿಯಿರಿ.

ಸೂಜಿಪರೀಕ್ಷೆ

ಹಳೇರೋಲರ್ ಸರ್, ಎಲ್ಲ ಒಪ್ಪಿದೆ, ಕೊನೇ ಸಾಲು ಬಿಟ್ಟು. ಹಳೇ ಡಾಂಬರು ಸತ್ತಿಲ್ಲ, ಗಟ್ಟಿಯಾಗಿದೆ. ಲ್ಯಾಬ್‌ನಲ್ಲಿ ಇದೇ ನನ್ನ ದಿನದ ಕೆಲಸ, ಅದಕ್ಕೇ ಸುಮ್ನಿರಲು ಆಗಲಿಲ್ಲ.

ನಮ್ಮಲ್ಲಿ ಒಂದು ಸೂಜಿ ಪರೀಕ್ಷೆ ಇದೆ. ಡಾಂಬರನ್ನು 25 ಡಿಗ್ರಿಯಲ್ಲಿ ಇಟ್ಟು, 100 ಗ್ರಾಂ ಭಾರದ ಸೂಜಿಯನ್ನು 5 ಸೆಕೆಂಡ್ ಬಿಡುತ್ತೇವೆ. ಎಷ್ಟು ಇಳಿಯಿತು ಅಂತ ಮಿಲಿಮೀಟರಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತೇವೆ. ಹಾಕುವಾಗ 60–70 ಇದ್ದ ಡಾಂಬರು ವರ್ಷಗಟ್ಟಲೆ ಬಿಸಿಲು ಗಾಳಿ ಕುಡಿದ ಮೇಲೆ 20ರ ಹತ್ತಿರ ಬರುವುದು ಮಾಮೂಲು. ಸೂಜಿ ಇಳಿಯುವುದೇ ಇಲ್ಲ ಅಂತೇನಲ್ಲ, ಕಷ್ಟಪಟ್ಟು ಇಳಿಯುತ್ತದೆ. ಡಾಂಬರಿನಲ್ಲಿ ಎಣ್ಣೆಯಂಥ ಮೆತ್ತನೆಯ ಭಾಗ ಇದೆ, ಅದರಲ್ಲಿ ತೇಲುವ ಗಟ್ಟಿ ಭಾಗ ಇದೆ. ಗಾಳಿಯ ಆಮ್ಲಜನಕ ಸೇರುತ್ತಾ ಹೋದ ಹಾಗೆ ಮೆತ್ತನೆಯದು ಕಡಿಮೆಯಾಗಿ ಗಟ್ಟಿಯದು ಹೆಚ್ಚುತ್ತದೆ. ಬಿಸಿ ಪದ್ಧತಿಯಲ್ಲಿ ಎಣ್ಣೆ ಸೇರಿಸುವುದು ಈ ಲೆಕ್ಕ ಸರಿಮಾಡುವುದಕ್ಕೇ. ಜಾಸ್ತಿ ಸೇರಿಸಿದರೆ ರಸ್ತೆ ಮೆತ್ತಗಾಗಿ ಚಕ್ರದ ಜಾಡು ಬೀಳುತ್ತದೆ.

ತಣ್ಣನೆಯ ಪದ್ಧತಿಯಲ್ಲಿ ಹಳೇ ಡಾಂಬರು ಅಷ್ಟಾಗಿ ಕರಗುವುದಿಲ್ಲ ಅನ್ನುವುದು ನಿಜ. ಆದರೂ ಬಿಸಿಲಲ್ಲಿ ರೋಲರ್ ಹೊಡೆಯುವಾಗ ತುಸು ಅಂಟುತ್ತದೆ. ಬರೀ ಜಲ್ಲಿ ಅಂದುಕೊಂಡು ಹೊಸ ಡಾಂಬರು ಸುರಿದರೆ ಒಟ್ಟು ಜಾಸ್ತಿಯಾಗುತ್ತದೆ. ನಿಮ್ಮ ಕೈಯಲ್ಲಿ ಹಿಸುಕುವ ಪರೀಕ್ಷೆ ಇದನ್ನು ಹಿಡಿಯಲ್ಲ ಸರ್. (ಬೇಜಾರು ಮಾಡಿಕೊಳ್ಳಬೇಡಿ.)

ಗೇಟ್‌ನಂಬರ್7 ಅವರೇ, ಪೂರ್ತಿ ಆಳದ ಕೆಲಸಕ್ಕೆ ಹೆಚ್ಚಾಗಿ ನೊರೆ ಡಾಂಬರು ಬಳಸುತ್ತಾರೆ, ಅದರ ಬಗ್ಗೆ ಸ್ವಲ್ಪ ಹೇಳುತ್ತೇನೆ. 160–180 ಡಿಗ್ರಿಗೆ ಕಾಯಿಸಿದ ಡಾಂಬರಿಗೆ ಅದರ ತೂಕದ ಶೇ. 2–3ರಷ್ಟು ತಣ್ಣೀರು ಚುಚ್ಚುತ್ತಾರೆ. ನೀರು ತಕ್ಷಣ ಆವಿಯಾಗಿ ಡಾಂಬರು ನೊರೆಯಾಗಿ ಉಕ್ಕುತ್ತದೆ, ಹತ್ತು ಹದಿನೈದು ಪಟ್ಟು. ಕಾದ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತೆ ಗೊತ್ತಲ್ಲ, ಅದನ್ನೇ ಒಂದು ಸಣ್ಣ ಕೋಣೆಯಲ್ಲಿ ಹದವಾಗಿ ಮಾಡುತ್ತಾರೆ. 1956ರಲ್ಲಿ ಅಮೆರಿಕದ ಅಯೋವಾದಲ್ಲಿ ಲಾಡಿಸ್ ಚಾನ್ಯಿ ಅನ್ನುವ ಪ್ರೊಫೆಸರ್ ಇದನ್ನು ಹಬೆ ಬಿಟ್ಟು ಮಾಡಿ ತೋರಿಸಿದರು. ರಸ್ತೆ ಮೇಲೆ ಹಬೆಯ ಬಾಯ್ಲರ್ ಎಳೆದುಕೊಂಡು ಹೋಗುವುದು ಯಾರಿಗೆ ಬೇಕು? 1968ರಲ್ಲಿ ಆಸ್ಟ್ರೇಲಿಯಾದಲ್ಲಿ ಹಬೆಯ ಬದಲು ತಣ್ಣೀರು ಹಾಕಿ ನೋಡಿದರು. ಆಮೇಲೆ ದಾರಿ ಸಲೀಸಾಯಿತು.

ಈ ನೊರೆಯ ಆಯಸ್ಸು ಕೆಲವೇ ಸೆಕೆಂಡ್. ಸೈಟಿನಲ್ಲಿ ಸ್ಟೀಲ್ ಬಕೆಟ್ಟಿಗೆ ನೊರೆ ಹಿಡಿದು, ಕಡ್ಡಿ ಇಟ್ಟು ಎಷ್ಟು ಎತ್ತರ ಬಂತು ನೋಡಿ, ಅದು ಅರ್ಧಕ್ಕೆ ಇಳಿಯಲು ಎಷ್ಟು ಸೆಕೆಂಡ್ ಅಂತ ಸ್ಟಾಪ್‌ವಾಚ್ ಹಿಡಿಯುತ್ತೇವೆ. ಎಂಟು ಪಟ್ಟು ಉಕ್ಕಬೇಕು, ಅರ್ಧಕ್ಕೆ ಇಳಿಯಲು ಆರು ಸೆಕೆಂಡಾದರೂ ಹಿಡಿಯಬೇಕು. ಅದಕ್ಕಿಂತ ಕಡಿಮೆ ಆದರೆ ಆ ಟ್ಯಾಂಕರ್ ಡಾಂಬರು ಬೇಡ. ನಿಮ್ಮ ಕೆಲಸದ ದಿನ ನೀವೇ ನಿಂತು ಈ ಬಕೆಟ್ ಪರೀಕ್ಷೆ ಮಾಡಿ ತೋರಿಸಿ ಅಂತ ಕೇಳಿ. ಐದು ನಿಮಿಷದ ಕೆಲಸ. ಮುಖ ಸಿಂಡರಿಸಿದರೆ ಅಲ್ಲೇ ಗೊತ್ತಾಗುತ್ತದೆ. ಬಕೆಟ್ಟಿನ ಹತ್ತಿರ ಮಾತ್ರ ಹೋಗಬೇಡಿ, ಸಿಡಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಇನ್ನೊಂದು. ನೊರೆ ಡಾಂಬರು ದಪ್ಪ ಜಲ್ಲಿಗೆ ಮೆತ್ತಿಕೊಳ್ಳುವುದಿಲ್ಲ. ಅದು ಹಿಡಿಯುವುದು ನುಣ್ಣನೆಯ ಪುಡಿಯನ್ನು. ಆ ಪುಡಿ ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಜಲ್ಲಿಗಳನ್ನು ಬೆಸೆಯುತ್ತದೆ. 75 ಮೈಕ್ರಾನ್ ಜರಡಿಯಲ್ಲಿ ಜಾರುವ ಪುಡಿ ಶೇ. 5ರಷ್ಟಾದರೂ ಇರಬೇಕು. ಹಳೇ ಡಾಂಬರು ಹುಡಿಯಲ್ಲಿ ಇದು ಕಡಿಮೆ, ಜಲ್ಲಿ ಬೇಸ್‌ನಲ್ಲಿ ಸ್ವಲ್ಪ ಇರುತ್ತದೆ. ಆದರೆ ಆ ಪುಡಿ ಜೇಡಿಮಣ್ಣು ಆಗಿದ್ದರೆ ಡಾಂಬರು ಅದರಲ್ಲಿ ಉಂಡೆ ಕಟ್ಟುತ್ತದೆ, ಬೆಸೆಯುವುದಿಲ್ಲ. ನಿಮ್ಮ ತಿರುವಿನ ಬೇಸ್‌ನಲ್ಲಿ ಮಣ್ಣು ಮೇಲೆ ಬಂದಿದೆಯಾ ಅಂತ ಮೊದಲು ನೋಡಿ. ಬಂದಿದ್ದರೆ ಸುಣ್ಣ ಬೇಕಾಗಬಹುದು, ಇಲ್ಲವೇ ಆ 80 ಮೀಟರ್ ಬೇಸ್ ತೆಗೆದು ಹೊಸದು ಹಾಕಬೇಕು.

ಸಿಮೆಂಟ್ ಶೇ. 1 ಅಂದರೆ 1. "ಗಟ್ಟಿ ಬರಲಿ" ಅಂತ ಸೈಟಿನಲ್ಲಿ ಇನ್ನೊಂದಷ್ಟು ಚೀಲ ಸುರಿಯುವ ಧಾರಾಳಿಗಳನ್ನು ನೋಡಿದ್ದೇನೆ. ಜಾಸ್ತಿಯಾದರೆ ಪದರ ಬಿರುಸಾಗಿ ಅಡ್ಡಡ್ಡ ಬಿರುಕು ಬಿಡುತ್ತದೆ.

ಹಳೇರೋಲರ್

ಮೇಡಂ, ಸತ್ತಿದೆ ಅನ್ನುವ ಮಾತು ವಾಪಸ್ ತೆಗೆದುಕೊಂಡೆ. ಮೂರ್ಛೆ ಹೋಗಿದೆ ಅನ್ನೋಣ. ಹಿಸುಕುವ ಪರೀಕ್ಷೆ ಮಾತ್ರ ಬಿಡಲ್ಲ. ಉಂಡೆ ನಿಲ್ಲುತ್ತಾ, ಅಂಗೈಗೆ ಡಾಂಬರಿನ ಸಣ್ಣ ಚುಕ್ಕೆಗಳು ಹತ್ತಿವೆಯಾ, ನೀರು ಬೆರಳ ಸಂದಿಯಲ್ಲಿ ಇಣುಕುತ್ತಾ, ಇದು ನಿಮ್ಮ ರಿಪೋರ್ಟ್ ಬರುವ ಎರಡು ದಿನ ಮೊದಲೇ ನನಗೆ ಗೊತ್ತಾಗಿರುತ್ತದೆ.

ಗೇಟ್‌ನಂಬರ್7

ಇಬ್ಬರಿಗೂ ತುಂಬಾ ಧನ್ಯವಾದ. ಅಳತೆ ಅಂಚಿನಿಂದಲೇ ತೆಗೆದದ್ದು ಸರ್, ಲೆಕ್ಕ ಉಳಿಯಿತು.

ಎರಡನೇ ಗುತ್ತಿಗೆದಾರರಿಗೆ 45 ಮಿ.ಮೀ. ಲೆಕ್ಕ ಬರೆದು ತೋರಿಸಿದೆ. ಸ್ವಲ್ಪ ಹೊತ್ತು ನೋಡಿ, "ಹೌದು, ಮೇಲೆ ಹಾಕೋದನ್ನ ನಾನು ಸೇರಿಸಿರಲಿಲ್ಲ" ಅಂದರು. ಜಗಳ ಆಡಲಿಲ್ಲ, ಅದು ಇಷ್ಟವಾಯಿತು. ಮೊದಲು ಕೆತ್ತಿ ಕಳಿಸಿ ಆಮೇಲೆ ಪೂರ್ತಿ ಆಳ ಮಾಡುವುದು ಅವರಿಗೂ ಒಪ್ಪಿಗೆ. ಅವರ ಮಷೀನಿನ ಡ್ರಮ್ 2 ಮೀಟರ್ ಅಗಲ ಅಂತೆ.

ಶನಿವಾರ ನಾಲ್ಕು ಕಡೆ ಗುಂಡಿ ತೆಗೆಸಿದೆ. ಮೂರು ಕಡೆ ಬೇಸ್ ಒಣಗಿದೆ, ಗಟ್ಟಿ ಇದೆ, ಗುದ್ದಲಿ ಹೊಡೆದರೆ ಟಣ್ ಅನ್ನುತ್ತದೆ. ತಿರುವಿನಲ್ಲಿ ನೀವು ಹೇಳಿದ ಹಾಗೇ ಇದೆ. ಜಲ್ಲಿ ಮಧ್ಯ ಜೇಡಿಮಣ್ಣು ತುಂಬಿಕೊಂಡು ಕೈಗೆ ಅಂಟುತ್ತದೆ, ಗುಂಡಿ ತೆಗೆದು ಅರ್ಧ ಗಂಟೆಯಲ್ಲಿ ತಳದಲ್ಲಿ ನೀರು ಜಿನುಗಿತು. ಮಳೆ ಬಂದು ಹತ್ತು ದಿನ ಆಗಿದೆ!

ಆದರೆ ಹೊಸ ತಲೆನೋವು ಬೇರೆ ಸಿಕ್ಕಿತು. ಎರಡನೇ ಗುಂಡಿಯಲ್ಲಿ ಒಂದು ಮನೆಯ ನೀರಿನ ಪೈಪು ಅಡ್ಡ ಹಾದಿದೆ. ರಸ್ತೆ ಮೇಲಿಂದ 220 ಮಿ.ಮೀ. ಆಳದಲ್ಲಿ. ನಿಮ್ಮ ಲೆಕ್ಕದ ಪ್ರಕಾರ ಮಷೀನಿನ ಹಲ್ಲು 280ರವರೆಗೆ ಇಳಿಯುತ್ತದೆ. ಮತ್ತೆ 34 ಮ್ಯಾನ್‌ಹೋಲ್ ಏನು ಮಾಡುವುದು?

ಹಳೇರೋಲರ್

ಗುಂಡಿ ತೆಗೆಸಿದ್ದು ಬಹಳ ಒಳ್ಳೇದಾಯಿತು. ಆ ಹಲ್ಲಿನ ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡ್ ಇರುತ್ತದೆ. ಅದಕ್ಕೆ ಕಲ್ಲು ಯಾವುದು ಪೈಪು ಯಾವುದು ಅಂತ ಗೊತ್ತಾಗಲ್ಲ. ಮೇಲೆ ಕೂತವನಿಗೂ ಗೊತ್ತಾಗಲ್ಲ. ಹುಡಿ ಇದ್ದಕ್ಕಿದ್ದ ಹಾಗೆ ಒದ್ದೆ ಬಂತು ಅಂತ ಹಿಂದೆ ನಡೆಯುವವನು ಕೂಗಿದಾಗಲೇ ಗೊತ್ತಾಗುವುದು.

ಪೈಪ್ ವಿಷಯದಲ್ಲಿ ರಾಜಿ ಬೇಡ. ಆಳ ಕಡಿಮೆ ಮಾಡಿ ಪೈಪ್ ಉಳಿಸೋಣ ಅಂತ ಯಾರಾದರೂ ಹೇಳುತ್ತಾರೆ. 200ಕ್ಕೆ ನಿಲ್ಲಿಸಿದರೆ 20 ಮಿ.ಮೀ. ಕೆಳಗೆ ಪೈಪು, ಅದರ ಮೇಲೆ ಕಂಪಿಸುವ ರೋಲರ್. ಹಲ್ಲಿನಿಂದ ಉಳಿದದ್ದು ರೋಲರಿಗೆ ಒಡೆಯುತ್ತದೆ. ಅಲ್ಲದೆ ರಸ್ತೆ 60 ಇಳಿದ ಮೇಲೆ ಆ ಪೈಪಿನ ಮೇಲೆ ಉಳಿಯುವುದು ಬರೀ 160 ಮಿ.ಮೀ. ರೀಸೈಕ್ಲಿಂಗ್ ಮಾಡದಿದ್ದರೂ ಅದನ್ನು ಕೆಳಗೆ ಇಳಿಸಲೇಬೇಕು. ಎಲ್ಲ ಮನೆಗಳ ಪೈಪ್ ಹಾದಿ ಹುಡುಕಿಸಿ, ಮೇಲಿರುವುದನ್ನು ಮಾತ್ರ ಇಳಿಸಿ. ಇಳಿಸಿದ ಕಾಲುವೆಯನ್ನು ಪದರ ಪದರವಾಗಿ ತುಂಬಿ ಗುದ್ದಿಸಿ, ಇಲ್ಲದಿದ್ದರೆ ಹೊಸ ರಸ್ತೆ ಮೇಲೆ ಮನೆಗೊಂದು ಅಡ್ಡ ತಗ್ಗು ಬೀಳುತ್ತದೆ.

ಮ್ಯಾನ್‌ಹೋಲ್‌ಗೆ ಹಳೇ ಉಪಾಯ ಇದೆ. ಮುಚ್ಚಳ, ಚೌಕಟ್ಟು ಎರಡನ್ನೂ ಮೊದಲೇ ಬಿಚ್ಚಿ, ಗೋಡೆಯನ್ನು ಕೆತ್ತುವ ಆಳಕ್ಕಿಂತ ಕೆಳಗಿನವರೆಗೆ ಒಡೆದು, ಮೇಲೆ ದಪ್ಪ ಉಕ್ಕಿನ ತಗಡು ಮುಚ್ಚಿ ಜಲ್ಲಿ ತುಂಬಿಬಿಡುವುದು. ಮಷೀನ್ ಸಲೀಸಾಗಿ ಅದರ ಮೇಲೇ ಹೋಗುತ್ತದೆ. ಎಲ್ಲ ಮುಗಿದ ಮೇಲೆ ಅಗೆದು, ಗೋಡೆ ಕಟ್ಟಿ, ಹೊಸ ಮಟ್ಟಕ್ಕೆ ಚೌಕಟ್ಟು ಕೂರಿಸುವುದು. ಆದರೆ ತಗಡು ಮುಚ್ಚುವ ಮೊದಲು ಪ್ರತಿಯೊಂದರ ಜಾಗವನ್ನು ಎರಡು ಕಾಂಪೌಂಡ್ ಮೂಲೆಗಳಿಂದ ಟೇಪ್ ಹಿಡಿದು ಅಳೆದು ಪುಸ್ತಕದಲ್ಲಿ ಬರೆದಿಡಿ. ರಸ್ತೆ ಮೇಲೆ ಹಾಕಿದ ಪೇಂಟ್ ಗುರುತು ರಸ್ತೆ ಜೊತೆಗೇ ಹೋಗುತ್ತದೆ. ಇದು ಕೇಳೋಕೆ ತಮಾಷೆ, ಆದರೆ ಒಂದು ಮ್ಯಾನ್‌ಹೋಲ್‌ಗಾಗಿ ನಾವು ಹೊಸ ರಸ್ತೆಯಲ್ಲಿ ಮೂರು ಕಡೆ ಅಗೆದಿದ್ದೇವೆ.

2 ಮೀಟರ್ ಡ್ರಮ್ ಅಂದರೆ ಮೂರು ಓಟ. ಒಂದರ ಮೇಲೆ ಒಂದು 150 ಮಿ.ಮೀ. ಹತ್ತಿಸಿಕೊಂಡು ಹೋದರೆ 5.7 ಮೀಟರ್ ಬರುತ್ತದೆ, ನಿಮಗೆ ಸಾಕು. ಆ ಹತ್ತಿಸಿದ ಪಟ್ಟಿಯಲ್ಲಿ ಡಾಂಬರಿನ ನಳಿಕೆ ಮುಚ್ಚಿರಬೇಕು, ಇಲ್ಲದಿದ್ದರೆ ಅಲ್ಲಿ ಎರಡು ಪಟ್ಟು ಬಿದ್ದು ಮೆತ್ತಗಾಗುತ್ತದೆ. ಮಷೀನ್ ಎಷ್ಟು ಜೋರಾಗಿ ಹೋಗುತ್ತದೆ ಅಂತಲೂ ಕಣ್ಣಿಟ್ಟಿರಿ. ಅವಸರದಲ್ಲಿ ಓಡಿಸಿದರೆ ಹುಡಿಯ ಬದಲು ಹೆಂಟೆ ಹೆಂಟೆ ಬರುತ್ತದೆ. ಮೂಲೆ, ಗೇಟಿನ ಮುಂದೆ ಡ್ರಮ್ ಮುಟ್ಟದ ಜಾಗ ಎಲ್ಲ ಕೈಕೆಲಸ.

ತಿರುವಿನ 80 ಮೀಟರ್ ಬೇಸ್ ಮೇಡಂ ಹೇಳಿದ ಹಾಗೆ ತೆಗೆದುಹಾಕಿ. ಹತ್ತು ದಿನ ಮಳೆ ಇಲ್ಲದೆ ನೀರು ಜಿನುಗುತ್ತಿದೆ ಅಂದರೆ ಅದು ಮಳೆ ನೀರೇ ಆಗಬೇಕಿಲ್ಲ. ಅಲ್ಲೇ ಹತ್ತಿರ ಒಂದು ನೀರಿನ ವಾಲ್ವ್ ಇದೆಯಾ ನೋಡಿ.

ಗೇಟ್‌ನಂಬರ್7

ಇದೆ ಸರ್. ತಿರುವಿನಿಂದ ಎಂಟು ಹೆಜ್ಜೆ. ಇವತ್ತು ಬೆಳಿಗ್ಗೆ ಎರಡು ಗಂಟೆ ವಾಲ್ವ್ ಮುಚ್ಚಿಸಿ, ಗುಂಡಿಯ ನೀರು ಎತ್ತಿ ಹಾಕಿ ಕಾದೆ. ಗುಂಡಿ ಮತ್ತೆ ತುಂಬಲಿಲ್ಲ. ವಾಲ್ವ್ ತೆರೆಸಿದೆ. ಇಪ್ಪತ್ತು ನಿಮಿಷಕ್ಕೆ ತಳದಲ್ಲಿ ನೀರು ಬಂತು.

ಎರಡು ಸಲ ಡಾಂಬರು ಹಾಕಿದರು, ಇಷ್ಟು ವರ್ಷ ಯಾರೂ ಅದರ ಕೆಳಗೆ ನೋಡಿರಲಿಲ್ಲ. ನಾಳೆ ಪ್ಲಂಬರ್ ಬರುತ್ತಾರೆ. ಮೊದಲು ಆ ಸೋರಿಕೆ, ಆಮೇಲೆ ಪೈಪ್‌ಗಳು. ಮ್ಯಾನ್‌ಹೋಲ್ ಅಳತೆಗೆ ಮಗಳು ಟೇಪ್ ಹಿಡಿದು ಹೊರಟಿದ್ದಾಳೆ, 34ರಲ್ಲಿ 11 ಮುಗಿಸಿದ್ದಾಳೆ. ಬಕೆಟ್ ಪರೀಕ್ಷೆಯ ದಿನ ಇಲ್ಲಿ ಬಂದು ಸೆಕೆಂಡ್ ಎಷ್ಟು ಅಂತ ಬರೆಯುತ್ತೇನೆ.